ದಾರ ಕಟ್ಟಿದ ನಾಲ್ಕು ಗಿಡ

ಎಲ್ಲಿಂದ ಶುರು ಮಾಡಲಿ? 'ಮಾಳಮಡ್ಡಿಯ ನಮ್ಮ ಮನೆಯ ಮುಂದೆ ಒಂದು ಹೂದೋಟವಿತ್ತು' ಎಂದು ಬರೆದು ಹೊಡೆದು ಹಾಕಿದೆ. 'ಇತ್ತು' ಅಂದ ಕೂಡಲೇ ಅದು ಹೋಯಿತೆಂದು ನಿಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ನನ್ನ ಕಥೆಗೇನು ಕೆಲಸ? (ಎಂಟು ವರ್ಷದಿಂದ ಹೀಗೇ ಹೊಡೆದು ಹಾಕುತ್ತಿದ್ದೇನೆ. ಇದು ಹನ್ನೊಂದನೇ ಡ್ರಾಫ್ಟು.)

೧

೧೯೯೭ರ ಮೇ ತಿಂಗಳು. ನನ್ನ ಹೆಂಡತಿ ದ್ರಾಕ್ಷಾಯಿಣಿ ತಂಗಿಯ ಬಾಣಂತನಕ್ಕೆಂದು ಬೆಂಗೇರಿಗೆ ಹೊರಟಿದ್ದಳು. ತೋಟ ಅಡವಿಯಾಗಿತ್ತು. ಕಣಗಿಲೆ ಕಿಟಕಿಯನ್ನೇ ಮುಚ್ಚಿತ್ತು, ಕಾಗದದ ಹೂವಿನ ಮುಳ್ಳು ಅಂಚೆಯವನ ಅಂಗಿ ಹರಿದಿತ್ತು, ದಾಸವಾಳವೂ ರಾತ್ರಿರಾಣಿಯೂ ಒಂದರ ಮೇಲೊಂದು ಬಿದ್ದಿದ್ದವು. ಯಾವುದನ್ನು ತೆಗೆಸಬೇಕೆಂದು ಎರಡು ತಿಂಗಳು ಯೋಚಿಸಿ ಸೋತಿದ್ದಳು. ಎಲ್ಲವೂ ಅವಳೇ ನೆಟ್ಟವು. ಕೊನೆಗೆ ನನಗೆ ಒಪ್ಪಿಸಿದಳು.

"ಯಾವುದರೆ ತಗಸ್ರಿ. ನಳದ ಬಾಜೂಕಿನ ಮಲ್ಲಿಗಿ ಒಂದು ಮುಟ್ಟಬ್ಯಾಡ್ರಿ."

ಅದು ತವರಿನ ಗಿಡ. ಆ ಮನೆ ಡ್ಯಾಮಿನ ನೀರಿನಲ್ಲಿ ಮುಳುಗುವ ಮುಂಚೆ ಅವಳ ಅವ್ವ ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದದ್ದು. ಈಗ ಅವ್ವನೂ ಇಲ್ಲ. (ವಿಮರ್ಶಕರೇ, 'ಮಲ್ಲಿಗೆ ಇಲ್ಲಿ ಸ್ಮೃತಿಯ ಪ್ರತೀಕ' ಎಂದು ಬರೆಯಬೇಡಿ. ಅದು ಮಲ್ಲಿಗೆ ಗಿಡ. ದಿನಾ ಮುಡಿಯುತ್ತಿದ್ದಳು.)

೨

ನಾನು ಸಾಲಿ ಮಾಸ್ತರ, ಮೇಲೆ ಕಥೆಗಾರ ಬೇರೆ. ತೋಟವೂ ಒಂದು ಡ್ರಾಫ್ಟು, ಎಡಿಟಿಂಗ್ ಎಷ್ಟರ ಮಾತು ಅಂದುಕೊಂಡೆ. ಮೇಲೆ ಹೇಳಿದ ನಾಲ್ಕನ್ನು ತೆಗೆಸುವುದೆಂದು ತೀರ್ಮಾನಿಸಿ, ದೇವರ ಮನೆಯಲ್ಲಿದ್ದ ಕೆಂಪು ದಾರವನ್ನು ಅವುಗಳ ಬುಡಕ್ಕೆ ಕಟ್ಟಿದೆ. ಕೆಲಸಕ್ಕೆ ಬಂದ ಹೊಳೆಯಪ್ಪನಿಗೆ, ದಾರ ಕಟ್ಟಿದ್ದೇನೆ, ನೋಡಿಕೊಂಡು ಮಾಡು ಎಂದಷ್ಟೇ ಹೇಳಿ, ಬಾಗಿಲು ಹಾಕಿಕೊಂಡು ಕಥೆ ಬರೆಯಲು ಕೂತೆ. (ಆ ಕಥೆ ಎಲ್ಲೂ ಅಚ್ಚಾಗಲಿಲ್ಲ.)

೩

ಮಧ್ಯಾಹ್ನ ಬಾಗಿಲು ತೆಗೆದೆ. ಬೋಳು ಕೆಂಪು ನೆಲ. ನಡುವೆ ನಾಲ್ಕೇ ಗಿಡ, ದಾರ ಕಟ್ಟಿಕೊಂಡು ನಿಂತಿವೆ. ಅವುಗಳಿಗೆ ಪಾತಿ ಮಾಡಿ ನೀರೂ ಹಾಕಿಯಾಗಿತ್ತು. ನಳದ ಪಕ್ಕದಲ್ಲಿ ಒಂದು ತಗ್ಗು.

ಏನು ಮಾಡಿದೆ ಎಂದು ಕೇಳಿದರೆ ಹೊಳೆಯಪ್ಪ ನನಗಿಂತ ಹೆಚ್ಚು ಗಾಬರಿಯಾದ.

"ದಾರ ಕಟ್ಟಿದ ಗಿಡಾ ಯಾರರೆ ಕಡೀತಾರೇನ್ರಿ ಮಾಸ್ತರ್ರ? ಅದಕ್ಕ ಹರಕಿ ಇರತೈತಿ."

ಖರೇ ಮಾತು. ಬನ್ನಿಗಿಡಕ್ಕೂ ಕಟ್ಟುತ್ತಾರೆ, ದರ್ಗಾದ ಬೇವಿಗೂ ಕಟ್ಟುತ್ತಾರೆ. ನನ್ನ ಅವ್ವ ವರ್ಷವರ್ಷ ಆಲದ ಮರಕ್ಕೆ ದಾರ ಸುತ್ತುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದವನಿಗೆ ಅವತ್ತು ಅದು ತಲೆಗೇ ಬರಲಿಲ್ಲ.

ಕಡಿದದ್ದನ್ನು ಎತ್ತಿನ ಗಾಡಿ ಒಯ್ದಿತ್ತು. ಇಬ್ಬರೂ ಓಡಿದೆವು. ಕಸದ ಗುಂಡಿ ಹೊತ್ತಿ ಉರಿಯುತ್ತಿತ್ತು.

೪

(ಹಿಂದಿನ ಹತ್ತು ಡ್ರಾಫ್ಟಿನಲ್ಲಿ ಈ ಭಾಗ ಇಲ್ಲ.)

ಗಿಡ ಕಡಿಸಿದ ಮೂರನೇ ದಿನ ದ್ರಾಕ್ಷಾಯಿಣಿ ಬಂದಳು. ಕೈಚೀಲವನ್ನೂ ಇಳಿಸದೆ ತಗ್ಗಿನ ಮುಂದೆ ನಿಂತಳು. ಅಳಲಿಲ್ಲ. ಹೊಳೆಯಪ್ಪನಿಗೆ ಸರಿಯಾಗಿ ಹೇಳಿದ್ದಿರೋ ಇಲ್ಲವೋ ಎಂದು ಕೇಳಿದಳು.

"ಎಲ್ಲಾ ಹೇಳಿದ್ದೆ. ಅಂವಾ ತಿಳಕೊಳ್ಳಲಿಲ್ಲ."

ದಾರದ ಮಾತೆತ್ತಲಿಲ್ಲ. ಅವಳು ಬರುವ ಮುಂಚೆಯೇ ನಾಲ್ಕೂ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಬೋಳು ನೆಲ ನೋಡಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಹೊಳೆಯಪ್ಪನನ್ನು ಅವಳು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಸಂತೆಯಲ್ಲಿ ಎದುರಾದರೂ ಮುಖ ತಿರುವುತ್ತಾಳೆ.

೫

ಮುಕ್ತಾಯ ಒಂದು: ಮಳೆ ಬಿದ್ದ ಮೇಲೆ ತಗ್ಗಿನಲ್ಲಿ ಮಲ್ಲಿಗೆ ಚಿಗುರಿತು. (ಚಿಗುರಲಿಲ್ಲ.)

ಮುಕ್ತಾಯ ಎರಡು: ಹೊಳೆಯಪ್ಪ ನಕ್ಕು ಎಲ್ಲ ಮರೆತುಬಿಟ್ಟ. ಇದನ್ನು ಬರೆಯುವಾಗ ಅವನು ಕೊಡಲಿ ಹಿಡಿದು ಮಾರ್ಜಿನ್ನಿನಲ್ಲಿ ಬಂದು ನಿಂತ. "ನಾ ಯಾವಾಗ ನಕ್ಕೆನ್ರಿ ಮಾಸ್ತರ್ರ?" ಹೊಡೆದು ಹಾಕಿದೆ.

ಮುಕ್ತಾಯ ಮೂರು: ನಾಲ್ಕನೇ ಭಾಗವನ್ನೇ ತೆಗೆದುಬಿಡುವುದು. ಆಗ ಇದೊಂದು ತಮಾಷೆಯ ಎಡವಟ್ಟಿನ ಕಥೆ, ದೀಪಾವಳಿ ಸಂಚಿಕೆಗೆ ಹೇಳಿ ಮಾಡಿಸಿದಂತಿರುತ್ತದೆ. ಆ ಭಾಗದ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಎಳೆದು, ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟು ಚಹಾ ಕುಡಿಯಲು ಹೋದೆ. (ಬೇಕಂತಲೇ ಬಿಟ್ಟೆನೇ? ಕೇಳಬೇಡಿ.)

ನನ್ನ ಕಥೆಗಳನ್ನು ಮೊದಲು ಓದುವವಳು ದ್ರಾಕ್ಷಾಯಿಣಿ. ಈ ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಉಳಿದವು ಅವಳ ಕೈಯಲ್ಲಿವೆ. ನಳದ ಕಟ್ಟೆಯ ಮೇಲೆ ಕೂತು ಓದಿದಳು. ಒಂದು ಹಾಳೆ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ತಲೆ ಎತ್ತದೆ ಕೇಳಿದಳು.

"ನಾಲ್ಕನೇದರ ಸುತ್ತ ಕೆಂಪು ಗೆರಿ ಎಳದೀರಿ. ಇದನ್ನ ತಗೀಬೇಕೋ, ಉಳಸಬೇಕೋ?"

ನಾನಿನ್ನೂ ಉತ್ತರ ಕೊಟ್ಟಿಲ್ಲ. ಅವಳು ಕಟ್ಟೆ ಬಿಟ್ಟು ಎದ್ದಿಲ್ಲ.