ಇಳೀರಿ ಮೇಸ್ತ್ರಿ

ಮಂಚದ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು, ಮಂಚ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತುಬಿಟ್ಟಿತು. ಒಳಗಿನಿಂದ, ಹುಡುಗನಾಗಿದ್ದಾಗಿನಿಂದ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ ಉದ್ದಣ್ಣ ತಳ್ಳುತ್ತಿದ್ದ, ಹೊರಗಿನಿಂದ ಇನ್ನಿಬ್ಬರು ಗಾರೆ ಕೆಲಸದವರು ಎಳೆಯುತ್ತಿದ್ದರು.

"ಎಳೀಬೇಡ್ರೋ, ಓರೆ ಮಾಡಿ," ಎಂದಳು ಮೇಸ್ತ್ರಿಯ ಹೆಂಡತಿ. "ಒಳಗೆ ತರೋವಾಗಲೂ ಓರೆ ಮಾಡೇ ತಂದಿದ್ದು."

ಓರೆ ಮಾಡಿದರು. ಮಂಚ ಬೀದಿಗೆ ಹೋಯಿತು. ಮೇಸ್ತ್ರಿಯನ್ನು ಆಗಲೇ ಗೋಡೆ ಬದಿಯ ಹಲಗೆಯ ಮೇಲೆ ಮಲಗಿಸಿಯಾಗಿತ್ತು. ಬಂದವರು ಸುತ್ತ ನಿಲ್ಲಲು ಈಗ ಜಾಗವಾಯಿತು. ಹಿಂದಿನ ಸಂಜೆ ಯಾಕೋ ಎದೆ ಹಿಡಿದ ಹಾಗಿದೆ ಎಂದು ಮಲಗಿದವನು ಬೆಳಗ್ಗೆ ಎದ್ದಿರಲಿಲ್ಲ. ಅಷ್ಟೇ ನಡೆದದ್ದು. ಕೇಳಿದವರಿಗೆಲ್ಲ ಅಷ್ಟನ್ನೇ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಜನರೆದುರು ಮಾತಾಡುವ ಅಭ್ಯಾಸ ಅವಳಿಗೆ ಮೊದಲಿಂದಲೂ ಇಲ್ಲ. ಮಾತೆಲ್ಲ ಅವನದೇ. ಅದರಲ್ಲೂ ಒಂದು ಮಾತನ್ನಂತೂ ಬೀದಿಗೇ ಕೇಳುವ ಹಾಗೆ ಕೂಗುತ್ತಿದ್ದ.

ಹೊರಗೆ ಗಂಡಸರು ಅದನ್ನೇ ಮಾತಾಡಿಕೊಳ್ಳುತ್ತಿದ್ದರು.

"ನಾನು ಈ ಬೀದಿಗೆ ಹೊಸಬ," ಎದುರು ಅಂಗಡಿಯ ದರ್ಜಿ ಹೇಳುತ್ತಿದ್ದ. "ಅಳತೆ ತಗೊಳ್ಳೋಕೆ ಅಂತ ಇವರ ಮೇಲಿನ ಮನೆಗೆ ಹೋಗಿದ್ದೆ. ಮದುವೆ ಮನೆ, ಬಾಲ್ಕನೀಲಿ ನಾಲ್ಕೈದು ನೆಂಟರು. ಕೆಳಗಿಂದ ಒಂದು ಕೂಗು ಬಂತು ನೋಡಿ, 'ಇಳೀರಿ!' ಅಂತ. ಮದುಮಗನ ಸೊಂಟದಲ್ಲೇ ಟೇಪು ಬಿಟ್ಟು ಓಡಿ ಬಂದೆ."

"ಸುಮ್ಮನೆ ಇಳೀರಿ ಮೇಸ್ತ್ರಿ ಅಂತ ಹೆಸರು ಬಂತಾ ಅವನಿಗೆ?"

"ಬಾಲ್ಕನಿ ಅಡಿಗೆ ಅವನು ಕೊಟ್ಟಿದ್ದ ಕಂಬಾನ ನಗರಸಭೆಯವರು ಕಿತ್ತುಕೊಂಡು ಹೋದಮೇಲೆ, ತಾನೇ ಕಂಬ ಆಗಿ ಕೂತುಬಿಟ್ಟ ಪುಣ್ಯಾತ್ಮ."

ನಕ್ಕರು. ಒಳಗೆ ಹೆಣ ಇದೆ ಎಂಬುದು ನೆನಪಾಗಿ ನಿಲ್ಲಿಸಿದರು.

ಮಗಳು ಅವಳನ್ನು ಒಳಕೋಣೆಗೆ ಕರೆದಳು. ದೂರದ ಬಡಾವಣೆಯಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಅತ್ತು ಮುಗಿಸಿ ಆಗಲೇ ಕಪಾಟು ಖಾಲಿ ಮಾಡಲು ಶುರು ಮಾಡಿದ್ದಳು.

"ಅಮ್ಮಾ, ಇವತ್ತು ಸಂಜೇನೇ ಹೊರಡೋಣ. ಬೀಗದ ಕೈ ಮೇಲೆ ಯಜಮಾನ್ರಿಗೆ ಕೊಟ್ಟುಬಿಡು. ಇನ್ನೊಂದು ರಾತ್ರಿ ನೀನು ಇಲ್ಲಿರೋದು ಬೇಡ."

"ಪಾತ್ರೆ?"

"ಪಾತ್ರೆ ಆಮೇಲೆ ನೋಡಿದ್ರಾಯ್ತು. ನಮ್ಮನೇಲಿ ಹಗಲು ಹೊತ್ತು ದೀಪ ಹಾಕೋದೇ ಬೇಡ. ಅಷ್ಟು ಬೆಳಕು."

ಆಯ್ತು ಎಂದಳು. ಒಳಗೊಳಗೇ ಒಂದು ನಿರಾಳವೂ ಆಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು. ತಲೆಯ ಮೇಲಿನ ಆ ಬಾಲ್ಕನಿ ನಾಳೆಯಿಂದ ಬೇರೆ ಯಾರದ್ದೋ ತಲೆನೋವು. ಯಾರದ್ದು ಎಂಬುದನ್ನು ಮಾತ್ರ ಅವಳು ಯೋಚಿಸಲಿಲ್ಲ.

*

ಈ ಮನೆ ಕಟ್ಟಿದ್ದು ಅವನೇ. ಆಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಬೀದಿಯ ಮೇಲೆ ಚಾಚಿಕೊಂಡ ಉದ್ದನೆಯ ಬಾಲ್ಕನಿ ಬೇಕು ಎಂಬುದು ಮನೆ ಯಜಮಾನರ ಹಟ. ಕೆಳಗೆ ಕಂಬ ಇಲ್ಲದೆ ಹಾಗೆ ಮುಂದಕ್ಕೆ ಚಾಚಿದ ಬಾಲ್ಕನಿಗೆ ಭಾರ ಹೊರುವ ಕಬ್ಬಿಣದ ಕಂಬಿಗಳು ಕಾಂಕ್ರೀಟಿನ ಮೇಲ್ಭಾಗದಲ್ಲಿ ಇರಬೇಕು. ಕೆಳಗಿಳಿದರೆ ಇದ್ದೂ ಇಲ್ಲದ ಹಾಗೆ. ಕಾಂಕ್ರೀಟು ಹಾಕುವ ದಿನ ಹೊರುವವರು ಕಂಬಿಯ ಮೇಲೆ ಕಾಲಿಡದ ಹಾಗೆ ಹಲಗೆ ಹಾಸಿ, ಪಕ್ಕದಲ್ಲೇ ನಿಂತು ಕಾಯಬೇಕು.

ಆ ದಿನ ಮೇಸ್ತ್ರಿ ಕಾಯಲಿಲ್ಲ. ಇನ್ನೊಂದು ಮನೆಯ ಕೆಲಸ ಕೈತಪ್ಪಿ ಹೋಗುತ್ತದೆಂದು, ಆಗಿನ್ನೂ ಹುಡುಗನಾಗಿದ್ದ ಉದ್ದಣ್ಣನನ್ನು ನಿಲ್ಲಿಸಿ ಆ ಮನೆಯವರನ್ನು ನೋಡಿಕೊಂಡು ಬರಲು ಹೋದ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮೇಲೆ ಚೆನ್ನಾಗಿಯೇ ನುಣ್ಣಗೆ ಒರೆಸಿದ್ದರು.

ಅಡಿಯ ಹಲಗೆಗಳನ್ನು ಬಿಚ್ಚಿದ ದಿನ ಅವನು ಮನೆಗೆ ಬಂದು ಊಟಕ್ಕೆ ಕೂರಲಿಲ್ಲ.

"ಅಡಿಯಲ್ಲಿ ಕಂಬಿಯ ಗೆರೆ ಕಾಣ್ತಿದೆ," ಎಂದ. "ತುಳಿದುಬಿಟ್ಟಿದ್ದಾರೆ. ಎಷ್ಟು ಇಳಿದಿವೆ ಅಂತ ಒಡೆದೇ ನೋಡಬೇಕು."

"ಬಿದ್ದಿಲ್ವಲ್ಲ?"

"ಬಿದ್ದಿಲ್ಲ. ಇವತ್ತು ಬಿದ್ದಿಲ್ಲ."

ಮರುದಿನವೇ ಯಜಮಾನರಿಗೆ ಹೇಳಿದ. ತನ್ನ ಖರ್ಚಿನಲ್ಲೇ ಒಡೆದು ಮತ್ತೆ ಹಾಕಿಕೊಡುತ್ತೇನೆ ಎಂದ. ಗೃಹಪ್ರವೇಶದ ದಿನ ಗೊತ್ತಾಗಿತ್ತು, ನೆಂಟರಿಗೆ ಹೇಳಿಯಾಗಿತ್ತು. "ಕಲ್ಲಿನ ಹಾಗಿದೆಯಲ್ಲಯ್ಯ, ಒಡೆಯೋ ಹುಚ್ಚು ಯಾಕೆ ನಿನಗೆ?" ಎಂದು ಅವರು ಬೆನ್ನು ತಟ್ಟಿ ಕಳಿಸಿದರು. ಮುಂದಿನ ವರ್ಷ ಕೇಳಿದ, ಅದರ ಮುಂದಿನ ವರ್ಷವೂ ಕೇಳಿದ. ನಗರಸಭೆಯ ಎಂಜಿನಿಯರು ಒಮ್ಮೆ ಬಂದು, ಕತ್ತೆತ್ತಿ ನೋಡಿ, ಬಿರುಕು ಬಂದರೆ ಹೇಳಿ ಎಂದು ಹೋದ. ಇವನು ಕೆಳಗೊಂದು ಕಂಬ ನಿಲ್ಲಿಸಿದ. ದಾರಿಗೆ ಅಡ್ಡ ಎಂದು ಅದನ್ನು ಕಿತ್ತರು.

ಕೆಳಗಿನ ಮನೆ ಖಾಲಿಯಾದಾಗ ಬಾಡಿಗೆಗೆ ಹಿಡಿದ. ಕೆಲಸ ಮುಗಿಸಿ ಬಂದರೆ ಕುರ್ಚಿ ಹಾಕಿಕೊಂಡು ಬಾಗಿಲ ಮುಂದೆ, ಬಾಲ್ಕನಿಯ ಅಡಿಯಲ್ಲೇ ಕೂರುವುದು. ಮೇಲೆ ನಾಲ್ಕು ಜನ ಸೇರಿದರೆ ಕೂಗುವುದು.

*

ಹೆಣ ಒಯ್ಯುವ ಗಾಡಿ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀದಿ ಕಿರಿದು, ಜನ ಹೆಚ್ಚು. ಹಿಂದಕ್ಕೆ ತೆಗೆದುಕೊಂಡು ಬರಬೇಕಾದ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ.

"ಸರೀರಿ, ಸರೀರಿ! ಯಾರದ್ದಾದ್ರೂ ಕಾಲ ಮೇಲೆ ಹತ್ತಿದ್ರೆ ಇನ್ನೊಂದು ಗಾಡಿ ತರಿಸಬೇಕಾಗತ್ತೆ ನೀವು."

"ಸರಿಯೋದೆಲ್ಲಿಗೆ ಮಾರಾಯ, ಗೋಡೆ ಒಳಗಾ?"

ಮೇಲಿನಿಂದ ಯಜಮಾನರ ದನಿ ಕೇಳಿತು. "ಮೇಲೆ ಬನ್ನಿ, ಮೇಲೆ ಬನ್ನಿ. ಬಿಸಿಲಲ್ಲಿ ಯಾಕೆ ಒಣಗ್ತೀರಿ? ಇಷ್ಟುದ್ದ ಬಾಲ್ಕನಿ ಇರೋದು ಯಾತಕ್ಕೆ?"

ಮೇಸ್ತ್ರಿಯ ಹೆಂಡತಿ ಆಗ ಒಳಗೆ ಗಂಡನ ಅಂಗಿಯ ಕೊರಳ ಗುಂಡಿ ಹಾಕುತ್ತಿದ್ದಳು. ಹೊರಮೆಟ್ಟಿಲಲ್ಲಿ ಹೆಜ್ಜೆಗಳ ಸದ್ದು ಕೇಳುತ್ತಲೇ ಇತ್ತು. ಒಂದು ಗುಂಡಿ ಹಾಕುವಷ್ಟರಲ್ಲಿ ಎಷ್ಟೊಂದು ಹೆಜ್ಜೆ. ಉದ್ದಣ್ಣ ಮತ್ತು ಮೂವರು ಹಲಗೆಗೆ ಕೈ ಹಾಕಿದರು. ಅವಳು ಮುಂದಾಗಿ ಹೊಸಿಲು ದಾಟಿ ಕತ್ತೆತ್ತಿದಳು.

ಬಾಲ್ಕನಿಯ ಅಂಚಿನುದ್ದಕ್ಕೂ ಮೊಣಕೈಗಳು. ಒಂದರ ಪಕ್ಕ ಒಂದು, ಸಾಲಾಗಿ. ಹಿಂದೆ ಇನ್ನೊಂದು ಸಾಲು ತಲೆಗಳು. ಕಟಕಟೆಯ ಸರಳಿನ ಸಂದಿಯಿಂದ ಯಜಮಾನರ ಮೊಮ್ಮಗಳ ಎರಡು ಕಾಲು ಹೊರಗೆ ತೂಗಾಡುತ್ತಿದ್ದವು. ಇಷ್ಟು ವರ್ಷದಲ್ಲಿ ಇಷ್ಟು ಜನ ಅಲ್ಲಿ ಸೇರಿದ್ದೇ ಇಲ್ಲ. ಸೇರಲು ಅವನು ಬಿಟ್ಟಿರಲಿಲ್ಲ.

ಅವಳು ಯಾರಾದರೂ ಕೂಗುತ್ತಾರೇನೋ ಎಂದು ಕಾದಳು. ನಿಜಕ್ಕೂ ಕಾದಳು. ಆಮೇಲೆ ಬಾಯಿ ತೆರೆದಳು.

"ಇಳೀರಿ."

ಪಕ್ಕದಲ್ಲಿದ್ದ ದರ್ಜಿಗೆ ಮಾತ್ರ ಕೇಳಿಸಿ ಅವನು ಗಾಬರಿಯಿಂದ ನೋಡಿದ.

"ಇಳೀರಿ!" ಈ ಸಲ ಬೀದಿಗೆಲ್ಲ ಕೇಳಿಸಿತು. "ಎಲ್ಲರೂ ಇಳೀರಿ! ಉದ್ದಣ್ಣ, ನೀನು ಅಲ್ಲೇ ನಿಲ್ಲು, ಹೊಸಿಲು ದಾಟಬೇಡ!"

ಮೇಲೆ ಯಾರೋ ನಕ್ಕರು. ಯಾರೋ ಛೆ ಪಾಪ, ತಲೆ ಕೆಟ್ಟಿದೆ ಎಂದರು. ಮಗಳು ಓಡಿಬಂದು ಅವಳ ರಟ್ಟೆ ಹಿಡಿದಳು. "ಅಮ್ಮಾ, ಜನ ನೋಡ್ತಿದ್ದಾರೆ."

"ನೋಡ್ಲಿ."

"ಏನಮ್ಮ ಇದು, ಇಂಥ ಹೊತ್ತಲ್ಲಿ?" ಯಜಮಾನರು ಮೇಲಿನಿಂದ ಗದರಿದರು. "ಅವನಂತೂ ಹೋದ. ಈಗ ನೀನು ಶುರು ಮಾಡಿದ್ಯಾ? ಇಷ್ಟು ವರ್ಷದಲ್ಲಿ ಒಂದು ಬಿರುಕು ಬಂದಿದೆಯಾ ತೋರಿಸು."

ಅವಳು ಅವರನ್ನು ನೋಡಿದಳು. ಜನರನ್ನೆಲ್ಲ ಬಾಲ್ಕನಿಗೆ ಕರೆದಿದ್ದ ಯಜಮಾನರು ತಾವು ಮಾತ್ರ ಬಾಗಿಲ ಚೌಕಟ್ಟಿನ ಒಳಗೆ ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲಿತ್ತು. ಈ ಬೀದಿಯಲ್ಲಿ ಇದ್ದಷ್ಟು ವರ್ಷವೂ ಅವರನ್ನು ಅವಳು ಅಲ್ಲಿಯೇ ನೋಡಿದ್ದಳು. ನೋಡಿದ್ದೇನು ಎಂಬುದು ಈಗ ಹೊಳೆಯಿತು.

"ಯಜಮಾನ್ರೇ," ಎಂದಳು. "ನೀವು ಬಾಗಿಲು ದಾಟಿ ಒಂದು ಹೆಜ್ಜೆ ಈಚೆ ಬನ್ನಿ. ಬಂದ್ರೆ ನಾನು ಬಾಯಿ ಮುಚ್ಕೋತೀನಿ."

ಬಾಲ್ಕನಿಯಲ್ಲಿದ್ದವರೆಲ್ಲ ಹಿಂತಿರುಗಿ ನೋಡಿದರು.

"ನಾನ್ಯಾಕೆ ಬರ್ಲಿ?" ಎಂದರು ಯಜಮಾನರು. "ನನಗೆ ಬಿಸಿಲು ಆಗಲ್ಲ."

"ತಾತ ಇಲ್ಲಿಗೆ ಬರೋದೇ ಇಲ್ಲ," ಮೊಮ್ಮಗಳು ಕಾಲಾಡಿಸುತ್ತಲೇ ಹೇಳಿದಳು. "ರಾತ್ರೀನೂ ಬರಲ್ಲ. ಬಟ್ಟೆ ಒಣಗಿಸೋಕೂ ಅಜ್ಜೀನೇ ಬರೋದು."

ಒಬ್ಬ ಹೆಂಗಸು ಬಗ್ಗಿ ಮಗುವನ್ನು ಸರಳಿನ ಸಂದಿಯಿಂದ ಬಿಡಿಸಿ ಎತ್ತಿಕೊಂಡು, ಯಜಮಾನರನ್ನು ಸರಿಸಿಕೊಂಡು ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬರು. ನೂಕಾಡಬೇಕೆನ್ನಿಸಿದವರೂ ನೂಕಾಡಲಿಲ್ಲ. ಅಂಗಾಲು ಸದ್ದಾಗದ ಹಾಗೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಏನೂ ಆಗಲಿಲ್ಲ. ಬಾಲ್ಕನಿ ಎಲ್ಲಿತ್ತೋ ಅಲ್ಲೇ ಇತ್ತು.

"ಬೀಳ್ತಿತ್ತೋ ಇಲ್ವೋ, ಯಾರಿಗೆ ಗೊತ್ತು," ಎಂದ ದರ್ಜಿ. ಹೇಳಿ, ತಾನೂ ನಾಲ್ಕು ಹೆಜ್ಜೆ ಆಚೆ ಸರಿದು ನಿಂತ.

ಮೇಸ್ತ್ರಿಯನ್ನು ಹೊರಗೆ ತಂದರು.

*

ಹಿಂದೊಮ್ಮೆ ಅವಳು ಗಂಡನೊಂದಿಗೆ ಜಗಳವಾಡಿದ್ದಳು. ಜಗಳ ಅಂದರೆ ಪಾತ್ರೆ ಕುಕ್ಕಿ, ಅಡುಗೆಮನೆಯಿಂದಲೇ.

"ತುಳಿದದ್ದು ಕೂಲಿಯವರು. ನೋಡ್ಕೋ ಅಂತ ನೀವು ಹೇಳಿಹೋದದ್ದು ಉದ್ದಣ್ಣನಿಗೆ. ಒಡೀಬೇಡ ಅಂದದ್ದು ಯಜಮಾನ್ರು. ಇಷ್ಟು ಜನ ಹಂಚಿಕೊಂಡ ಮೇಲೆ ನಿಮ್ಮ ಪಾಲಿಗೆ ಉಳಿದಿದ್ದೇನು?"

"ನಾನು ಅಲ್ಲಿರಬೇಕಾಗಿತ್ತು. ಇರಲಿಲ್ಲ."

"ಸರಿ, ಈಗ ಅದರ ಕೆಳಗೆ ಕೂತ್ರೆ ಅದು ಬೀಳೋದು ನಿಲ್ಲತ್ತಾ?"

"ಇಲ್ಲ. ಬಿದ್ದ ದಿನ ನಾನು ಬೇರೆ ಎಲ್ಲೋ ಇರಲ್ಲ, ಅಷ್ಟೇ."

"ಕೂರೋದು ಕೆಲಸ ಅಲ್ಲ ಕಣ್ರೀ," ಎಂದಿದ್ದಳು. ಬೇರೆಯವರ ಮನೆಯನ್ನು ನಾನು ಹೇಗೆ ಒಡೆಯಲಿ ಎಂದು ಅವನು ಕೇಳಿದ. ಅವಳು ಇನ್ನೊಂದು ಪಾತ್ರೆ ಕುಕ್ಕಿದಳು. ಅವನು ಕುರ್ಚಿ ಎತ್ತಿಕೊಂಡು ಹೊರಗೆ ಹೋದ.

*

ಮಣ್ಣು ಮಾಡಿ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಮಗಳು ಆಟೋ ನಿಲ್ಲಿಸಿಕೊಂಡು ಎರಡು ಚೀಲ ತಂದಿಟ್ಟಳು. ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಬೀಗ ಹಾಕಿ ಹೊರಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದ ಯಜಮಾನರು ಅವಳ ಮುಖ ನೋಡಲಿಲ್ಲ. "ಬೀಗದ ಕೈಯಾ? ಅಲ್ಲಿಡು."

"ಬೀಗದ ಕೈ ಆಮೇಲೆ. ಅವರು ಕೇಳ್ತಿದ್ದದ್ದನ್ನೇ ಕೇಳೋಕೆ ಬಂದೆ. ಒಡೀತೀವಿ. ಇವತ್ತೇ."

"ಇವತ್ತೇ? ಹೆಣ ಎತ್ತಿದ ದಿನ?"

"ನಾಳೆ ಬೆಳಗ್ಗೆ ಮಕ್ಕಳು ಶಾಲೆಗೆ ಇದೇ ದಾರೀಲಿ ಹೋಗ್ತಾರೆ. ಕೂಗೋಕೆ ಕೆಳಗೆ ಯಾರೂ ಇರಲ್ಲ."

"ಅಲ್ಲ, ಆಗಿದ್ದು ಅವನ ತಪ್ಪು…"

"ಹೌದು, ಅವರ ತಪ್ಪೇ. ಅದಕ್ಕೇ ಅವರ ಕೆಲಸದವರೇ ಒಡೀತಾರೆ. ನೀವು ಹೂಂ ಅನ್ನಬೇಕು."

ಯಜಮಾನರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗಿನಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಒಡೀಲಿ," ಎಂದರು. "ಇಷ್ಟು ವರ್ಷ ಬಟ್ಟೆ ಒಣಗಿಸಿದ್ದು ನಾನು." ಗಂಡನ ಕಡೆ ತಿರುಗಿ ನೋಡಲಿಲ್ಲ. "ನಾಳೆ ಎಲ್ಲಿ ಒಣಗಿಸಬೇಕು ಅಂತ ಇವರು ಹೇಳ್ತಾರೆ."

ಕೆಳಗೆ ಉದ್ದಣ್ಣ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಬಿಗಿದು ಆಗಲೇ ನಿಂತಿದ್ದ. ತಾನು ಅತ್ತಿಗೆ ಎನ್ನುವ ಮೇಸ್ತ್ರಿಯ ಹೆಂಡತಿ ಮೇಲೆ ಹೋದದ್ದು ಯಾತಕ್ಕೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಆಟೋದವನನ್ನು ಮಗಳೇ ಕಳಿಸಿದಳು. ದರ್ಜಿ ತನ್ನ ಅಂಗಡಿಯ ಬೆಂಚನ್ನು ತಂದು ಬೀದಿಗೆ ಅಡ್ಡ ಇಟ್ಟ. ಸೆಂಟ್ರಿಂಗ್ ಕಂಬಗಳನ್ನು ತಂದು ಬಾಲ್ಕನಿಯ ಅಡಿಗೆ ಆನಿಕೆ ಕೊಟ್ಟರು. ನಗರಸಭೆಯವರು ನೋಡಿದರೆ ಎಂದು ಯಾರೋ ಅಂದರು, ನೋಡಲಿ ಎಂದು ಇನ್ಯಾರೋ ಅಂದರು. ಉದ್ದಣ್ಣ ಮೇಲಿನ ಬಾಗಿಲ ಒಳಗೇ ಕೂತು ಸುತ್ತಿಗೆ ಎತ್ತಿದ.

ಹೆಚ್ಚು ಹೊಡೆಯಬೇಕಾಗಲಿಲ್ಲ. ಗೋಡೆಯ ಬುಡದಲ್ಲಿ ಒಂದು ಮೂಲೆ ಹಾರಿಹೋದಾಗ ಅವನ ಕೈ ನಿಂತಿತು.

"ಅತ್ತಿಗೆ, ನೋಡಿ."

ಧೂಳು ಇಳಿದ ಮೇಲೆ ಕಂಡಿತು. ಗೋಡೆಯಿಂದ ಹೊರಬರುವಲ್ಲಿ ಕಂಬಿಗಳು ಇರಬೇಕಾದ ಎತ್ತರದಲ್ಲೇ ಇದ್ದವು. ಒಂದು ಗೇಣು ಆಚೆಗೆ, ಒದ್ದೆ ಬಟ್ಟೆ ಹೊತ್ತ ಹಗ್ಗದ ಹಾಗೆ, ಅಡಿಯವರೆಗೂ ಜೋತುಬಿದ್ದಿದ್ದವು. ಉದ್ದಣ್ಣ ಟವೆಲ್ ಬಿಚ್ಚಿ ಮುಖ ಮುಚ್ಚಿಕೊಂಡ.

"ನಿಲ್ಲಿಸಬೇಡ," ಎಂದಳು ಅವಳು ಕೆಳಗಿನಿಂದ. "ಕತ್ತಲಾಗೋದರೊಳಗೆ ಮುಗಿಸು."

ಚೂರುಗಳು ಬಿದ್ದ ಹಾಗೆಲ್ಲ, ನಡುನಡುವೆ ಸುತ್ತಿಗೆ ನಿಂತಾಗ, ಅವಳು ಮತ್ತು ಮಗಳು ಅವನ್ನು ಎತ್ತಿ ಬಾಂಡ್ಲಿಗೆ ತುಂಬಿದರು. ತುಂಬಿದ್ದನ್ನು ಗಾರೆಯವರು ಹೊತ್ತು ಬೀದಿಯ ತುದಿಗೆ ಸುರಿದು ಬಂದರು. ಯಜಮಾನರು ಯಾವಾಗ ಇಳಿದು ಬಂದರೋ ಅವಳು ಗಮನಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದಿದ್ದರು. ಬಗ್ಗಿ ಒಂದು ತುಂಡು ಎತ್ತಿಕೊಂಡು, ಅದರ ಅಡಿಯಲ್ಲಿದ್ದ ತುಕ್ಕಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತರು.

ಅವಳು ಬಾಂಡ್ಲಿಯನ್ನು ಅವರ ಕಡೆಗೆ ಸರಿಸಿದಳು.