ಭಾವನ ಆಯ್ತು

ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು, ಅದೂ ಎಷ್ಟು ಹೊತ್ತು ಹಾಗೇ ಬೀಸುತ್ತದೋ ಹೇಳುವಂತಿರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ನಿಂತು ಅವಳು ಒಂದು ಹಿಡಿ ಒಣಹುಲ್ಲು ಕಿತ್ತು ತೂರಿ ನೋಡಿದಳು. ಸಮಾಧಾನವಾಗದೆ ಮತ್ತೆ ಕಿತ್ತು ತೂರಿದಳು. ಉದ್ಯಾನದ ಕೆಲಸಗಾರರೆಲ್ಲ ಬೆಂಕಿ ಮೇಡಂ ಎಂದು ಕರೆಯುವ ಈ ಹೆಂಗಸಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಷ್ಟು ವರ್ಷ ಬೇರೆಯವರು ತೋರಿಸಿದ ಕಡೆ ಬೆಂಕಿ ಹಚ್ಚಿದವಳು ಅವಳು. ಹಚ್ಚಿ ಎಂದು ಹೇಳುವ ಅಧಿಕಾರ ಕೈಗೆ ಬಂದದ್ದು ಇವತ್ತೇ ಮೊದಲು.

ಜನ ಓಡಾಡುವ ಉದ್ಯಾನಕ್ಕೆ ಬೆಂಕಿ ಇಡುತ್ತೇವೆಂದರೆ ಯಾರು ಸುಮ್ಮನಿರುತ್ತಾರೆ? ಬಿರುಬೇಸಿಗೆಯಲ್ಲಿ ಯಾವನೋ ಪುಣ್ಯಾತ್ಮ ಸಿಗರೇಟಿನ ತುಂಡು ಎಸೆದು ಇಡೀ ಗುಡ್ಡ ಹೊತ್ತಿಕೊಳ್ಳುವ ಮೊದಲು, ನಾವೇ ಹದ ನೋಡಿ ಹುಲ್ಲು ಸುಟ್ಟುಬಿಟ್ಟರೆ ಮರಗಳು ಉಳಿಯುತ್ತವೆ, ಹೊಸ ಹುಲ್ಲೂ ಚಿಗುರುತ್ತದೆ ಎಂದು ಬಾಗಿಲಲ್ಲಿ ದೊಡ್ಡ ಬೋರ್ಡೇ ಹಾಕಿದ್ದರು. ಓದುವವರು ಬೇಕಲ್ಲ. ವಾಕಿಂಗಿನವರು ಗೊಣಗಿದರು, ಸೈಕಲ್ಲಿನವರು ಗೊಣಗಿದರು. ನಾಯಿ ಕರೆತರುವವರ ಜೊತೆಗೆ ಅವರ ನಾಯಿಗಳೂ ಗುರುಗುಟ್ಟಿದವು. ಎಲ್ಲರಿಗಿಂತ ಜೋರು ಗಂಟಲು ನಿವೃತ್ತರಾದ ಒಬ್ಬ ಯಜಮಾನರದು. ದಿನಾ ಗುಡ್ಡಕ್ಕೆ ಏಳು ಸುತ್ತು ಹಾಕುವ ಅವರಿಗೆ ಕೆಲಸಗಾರರು ಏಳುಸುತ್ತಿನ ಮಲ್ಲಿಗೆ ಎಂದು ಹೆಸರಿಟ್ಟಿದ್ದರು. ಅವರ ಹೊಟ್ಟೆಯನ್ನು ಕಂಡವರಿಗೆ ಆ ಹೆಸರು ಬೇಗ ಮರೆಯುವಂಥದಲ್ಲ. ಅವರು ಮೇಲಿನ ಕಚೇರಿಗೆ ದೂರು ಕೊಟ್ಟು ಕೊಟ್ಟು ಅಲ್ಲಿನವರಿಗೆ ಬೇಜಾರು ಹಿಡಿಸಿದ್ದರು.

ಮೇಲಿನ ಪಟ್ಟಿಗೆ ಆಗಲೇ ಬೆಂಕಿ ಹಚ್ಚಿಯಾಗಿತ್ತು. ಗಾಳಿಗೆ ಎದುರಾಗಿ ಇಳಿಯುವ ಬೆಂಕಿ ಬಡಪಾಯಿ, ಮೊಣಕಾಲಿನೆತ್ತರ ಏಳಲೂ ಒದ್ದಾಡುತ್ತದೆ. ಅದು ದಾಟಿ ಬಂದ ನೆಲ ಕರ್ರಗೆ ಉಳಿಯುತ್ತದೆ, ಅಲ್ಲಿ ಮತ್ತೆ ಉರಿಯಲು ಏನೂ ಇರುವುದಿಲ್ಲ. ಇನ್ನು ಗುಡ್ಡದ ಬುಡದಲ್ಲಿ ಹಚ್ಚಿದರೆ ಆ ಬೆಂಕಿ ಗಾಳಿಯ ಜೊತೆ ಮೇಲಕ್ಕೆ ಓಡಿಬಂದು, ಕರಿನೆಲ ತಾಗಿ ತಾನೇ ಸಾಯುತ್ತದೆ. ಕಷ್ಟವೇನಿದ್ದರೂ ಎರಡರ ನಡುವೆ ಸಿಕ್ಕಿಕೊಂಡವರಿಗೆ. ನಡುವೆ ಹಾದುಹೋಗುವುದು ವಾಕಿಂಗಿನವರ ದಾರಿ, ಬುಡದಲ್ಲಿ ಆ ದಾರಿಯ ಗೇಟು ಕಾಯುತ್ತಿದ್ದವರು ಅವಳ ಭಾವ.

ಭಾವ ಎಂದರೆ ಅಕ್ಕನ ಗಂಡ. ಬಸ್ಸು ಓಡಿಸುತ್ತಿದ್ದವರು. ಕಣ್ಣು ಮಂಜಾಗಿ ಆ ಕೆಲಸ ಹೋದಮೇಲೆ ಉದ್ಯಾನದ ಸಾಹೇಬರ ಕೈಕಾಲು ಹಿಡಿದು ಈ ಗೇಟಿನ ಕೆಲಸ ಕೊಡಿಸಿದ್ದು ಇವಳೇ. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನಲಾರರು. ನಲ್ಲಿ ಸೋರುತ್ತಿದೆ, ರಿಪೇರಿಯವನಿಗೆ ಹೇಳಿ ಎಂದರೆ ಆಯ್ತು. ಮಗಳ ಶಾಲೆಗೆ ಹೋಗಿಬನ್ನಿ ಎಂದರೆ ಆಯ್ತು. ಇವರ ಆಯ್ತು ಕೇಳಿ ಕೇಳಿ ನನ್ನ ತಲೆ ನೆರೆಯಿತು, ಆದದ್ದು ಮಾತ್ರ ಏನೂ ಇಲ್ಲ ಎಂದು ಅಕ್ಕ ಹೇಳಿದಾಗೆಲ್ಲ ಮನೆಮಂದಿ ನಗುತ್ತಿದ್ದರು. ಇವಳೂ ನಕ್ಕವಳೇ.

ಗೇಟಿಗೆ ಬೀಗ ಹಾಕಿ, ತಿರುವಿನ ಬೆಂಚಿನ ತನಕ ನಡೆದುಹೋಗಿ ಯಾರಾದರೂ ಇದ್ದಾರೋ ನೋಡಿ ಎಂದು ಭಾವನಿಗೆ ಹೇಳಿ ಬಹಳ ಹೊತ್ತಾಗಿತ್ತು. ತೂರಿದ ಹುಲ್ಲು ಈಗ ಕೊಂಚ ಪಕ್ಕಕ್ಕೆ ವಾಲಿ ಬಿತ್ತು. ಗಾಳಿ ತಿರುಗಿದರೆ ಇವತ್ತಿನ ಕೆಲಸ ಕೆಟ್ಟಂತೆ. ವಾರವಿಡೀ ಬೈಗುಳ ತಿಂದದ್ದು ನೀರಲ್ಲಿ ಹೋಮ. ಅವಳು ವಾಕಿಟಾಕಿ ಒತ್ತಿದಳು.

"ಭಾವ, ದಾರಿ ನೋಡೋದು?"

ಗರಗರ ಸದ್ದಿನ ನಡುವೆ ಉತ್ತರ ಬಂತು. "ಆಯ್ತು, ಆಯ್ತು."

ಅವಳು ಬುಡದಲ್ಲಿ ಕಾಯುತ್ತಿದ್ದ ಹುಡುಗರಿಗೆ ಹಚ್ಚಿ ಎಂದಳು.

ಹುಲ್ಲು ಕಾದುಕೊಂಡೇ ಇತ್ತು. ಬೆಂಕಿ ಸಾಲಾಗಿ ಎದ್ದು, ಒಂದಕ್ಕೊಂದು ಸೇರಿಕೊಂಡು ಗುಡ್ಡ ಹತ್ತತೊಡಗಿತು. ಎಲ್ಲ ಅಂದುಕೊಂಡಂತೆಯೇ ಇದೆ ಎಂದು ಅವಳಿಗೆ ಒಂದು ಕ್ಷಣ ಹಿಗ್ಗೂ ಆಯಿತು. ಅಷ್ಟರಲ್ಲಿ ವಾಕಿಟಾಕಿ ಮತ್ತೆ ಗರಗುಟ್ಟಿತು.

"ಈಗ ಹೊರಟೆ ನೋಡು. ಈ ಹಾಳು ಬೀಗ ಸಿಕ್ಕಾಕ್ಕೊಂಡುಬಿಟ್ಟಿತ್ತು."

ಅವಳು ಬರಬೇಡಿ, ಅಲ್ಲೇ ಇರಿ ಎಂದು ಕಿರುಚಿ, ತಿರುವಿನ ಕಡೆ ಕಣ್ಣು ಹಾಯಿಸಿದರೆ ಪೊದೆಯ ಹಿಂದಿನಿಂದ ಬಿಳಿ ಟೋಪಿಯೊಂದು ಮೇಲೆದ್ದಿತು. ಏಳುಸುತ್ತಿನ ಯಜಮಾನರು. ಗೇಟು ಮುಚ್ಚುವ ಮೊದಲೇ ಬಂದು, ಯಾರು ಎಬ್ಬಿಸುತ್ತಾರೋ ನೋಡೇಬಿಡುತ್ತೇನೆ ಎಂದು ಬೆಂಚಿನ ಮೇಲೆ ಕೂತು, ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಣ್ಣುಮುಚ್ಚಿದ್ದರು. ಮೇಲಿನ ಪಟ್ಟಿಯ ಹೊಗೆಯೆಲ್ಲ ಗಾಳಿಯ ಜೊತೆ ಮೇಲಕ್ಕೇ ಹೋಗುತ್ತಿದ್ದುದರಿಂದ ಅವರ ಮೂಗಿಗೂ ಬಡಿದಿರಲಿಲ್ಲ. ಈಗ ಎದ್ದವರು ಮೇಲೆ ಹತ್ತಿರದಲ್ಲೇ ಕಂಡ ಬೆಂಕಿಗೆ ಹೆದರಿ, ಕೆಳಗೆ ಗೇಟಿನ ಕಡೆ ಓಡಿದರು. ದೊಡ್ಡದು ಬರುತ್ತಿದ್ದದ್ದು ಅಲ್ಲಿಂದಲೇ.

ಕೂಗಿದರೆ ಕೇಳುವ ಹಾಗಿರಲಿಲ್ಲ. ಅವಳು ಸಣ್ಣ ಬೆಂಕಿಯ ಸಾಲನ್ನು ಹಾರಿ, ಇಳಿಜಾರಿನಲ್ಲಿ ಅರ್ಧ ಓಡುತ್ತಾ ಅರ್ಧ ಜಾರುತ್ತಾ ಹೋಗಿ ಅವರ ಅಂಗಿಯ ಬೆನ್ನು ಹಿಡಿದೆಳೆದಳು. ಮೇಲೆ ಬನ್ನಿ ಎಂದಳು. ಅವರು ಒಂದು ಹೆಜ್ಜೆಯೂ ಕೀಳಲಿಲ್ಲ.

"ಅಲ್ಲಿ ಬೆಂಕಿ ಇದೆಯಲ್ಲಮ್ಮಾ."

"ಅದು ಸಣ್ಣದು, ದಾಟಬಹುದು. ಇದು ದಾಟೋದಲ್ಲ. ಮುಖ ಮುಚ್ಕೊಳ್ಳಿ, ನಾನು ಹಿಡ್ಕೊಂಡಿದೀನಿ."

ಹೇಗೆ ಹತ್ತಿದರೋ ದೇವರೇ ಬಲ್ಲ. ಹಿಂದೆ ಸದ್ದು ಹೆಚ್ಚುತ್ತಿತ್ತು, ಬೆನ್ನು ಸುಡುತ್ತಿತ್ತು. ಅವಳು ಅವರನ್ನು ಮೊದಲು ಸಣ್ಣ ಬೆಂಕಿಯಾಚೆ ನೂಕಿ, ತಾನೂ ಹಾರಿದಳು. ಇಬ್ಬರೂ ಕರಿನೆಲದ ಬೂದಿಯಲ್ಲಿ ಮುಗ್ಗರಿಸಿ ಬಿದ್ದರು. ದೊಡ್ಡ ಬೆಂಕಿ ಅಲ್ಲಿಯವರೆಗೆ ಬಂದು, ಒಮ್ಮೆ ಎತ್ತರಕ್ಕೆ ಎದ್ದು, ತಿನ್ನಲು ಏನೂ ಸಿಗದೆ ಕುಗ್ಗಿಹೋಯಿತು. ಯಜಮಾನರ ಒಂದು ಹುಬ್ಬು ಸುಟ್ಟಿತ್ತು, ಪ್ಯಾಂಟಿನ ಕಾಲು ಕರಕಲಾಗಿತ್ತು. ಅವರು ಬೂದಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅವಳಿಗೂ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಸುದ್ದಿ ಕೇಳಿ ಸಾಹೇಬರು ಜೀಪಿನಲ್ಲಿ ಬಂದರು. ಅಷ್ಟು ಹೊತ್ತಿಗೆ ಭಾವನೂ ಏದುಸಿರು ಬಿಡುತ್ತಾ ಮೇಲೆ ಬಂದಿದ್ದರು. ಸಾಹೇಬರು ಯಾರು ಏನು ಎಂದು ಸರಿಯಾಗಿ ಕೇಳುವ ಮೊದಲೇ ಭಾವ ಬಾಯಿಬಿಟ್ಟರು. ನಾನು ಬೆಂಚಿನ ತನಕ ಹೋಗಿ ನೋಡಿಬಂದೆ, ಒಂದು ನರಪಿಳ್ಳೆಯೂ ಇರಲಿಲ್ಲ, ಇವರು ಆಮೇಲೆ ಬೇಲಿ ಹಾರಿ ಬಂದಿರಬೇಕು ಎಂದರು. ಸಾಹೇಬರಿಗೆ ಆ ಮಾತು ಹಿಡಿಸಿತು. ದೂರಿನ ಮೇಲೆ ದೂರು ಬರೆದ ಮನುಷ್ಯ ತಾನೇ.

"ಈ ಹೊಟ್ಟೆ ಇಟ್ಕೊಂಡು ನಾನು ಬೇಲಿ ಹಾರ್ತೀನೇನಪ್ಪಾ?" ಎಂದರು ಯಜಮಾನರು. ದಿನದ ಜೋರು ಆ ದನಿಯಲ್ಲಿರಲಿಲ್ಲ. ಆಮೇಲೆ ಅವರೇ ತಲೆ ತಗ್ಗಿಸಿ, ತಪ್ಪು ನನ್ನದೇ ಇರಬಹುದು ಸ್ವಾಮಿ ಎಂದು ಗೊಣಗಿದರು.

ಭಾವ ಅವಳ ಕಡೆ ನೋಡಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಭಾವನ ಕೆಲಸ ಉಳಿಯುತ್ತಿತ್ತು, ಅಕ್ಕನ ಮನೆ ಉಳಿಯುತ್ತಿತ್ತು, ಇವತ್ತೇ ಸಿಕ್ಕ ಅಧಿಕಾರವೂ ಇವಳ ಕೈಯಲ್ಲೇ ಇರುತ್ತಿತ್ತು. ಅವಳಿಗೆ ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರಬೇಕು ಅನ್ನಿಸಿತು. ಯಜಮಾನರು ಬೆರಳಿನಿಂದ ಇಲ್ಲದ ಹುಬ್ಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಇಲ್ಲ ಸರ್. ಅವರು ಹೋಗಿ ನೋಡಿರ್ಲಿಲ್ಲ. ನಾನು ಕೇಳಿದಾಗ ಆಯ್ತು ಅಂದ್ರು, ಹೋಗ್ತೀನಿ ಅಂತ. ನೋಡಿದ್ದಾಯ್ತು ಅಂತ ನಾನು ತಗೊಂಡೆ. ಅವರ ಆಯ್ತು ಅಂದ್ರೆ ಏನು ಅಂತ ಮನೇಲಿ ಎಲ್ಲರಿಗೂ ಗೊತ್ತು ಸರ್. ನಂಗೂ ಗೊತ್ತಿತ್ತು."

ಸಾಹೇಬರು ಇಬ್ಬರ ವಾಕಿಟಾಕಿಯನ್ನೂ ಕೈಚಾಚಿ ಇಸಿದುಕೊಂಡರು. ಇವತ್ತು ಉಳಿದ ಕೆಂಡ ಆರಿಸಿ ಹೋಗಿ, ನಾಳೆ ಇಬ್ಬರೂ ಕಚೇರಿಗೆ ಬನ್ನಿ, ಕೆಲಸದ ಮಾತು ಅಲ್ಲಿ ಆಡೋಣ ಎಂದು ಹೇಳಿ, ಯಜಮಾನರನ್ನು ಕೈಹಿಡಿದು ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟರು.

ಜೀಪು ಮರೆಯಾದ ಮೇಲೆ ಭಾವ ಒಂದೇ ಮಾತು ಆಡಿದರು. "ನಿಮ್ಮಕ್ಕನಿಗೆ ನೀನೇ ಹೇಳು."

ಹೇಳ್ತೀನಿ ಎಂದಳು.

ಕೆಂಡ ಆರಿಸುವ ಕೆಲಸಕ್ಕೆ ಬೇರೆ ಉಪಾಯವಿಲ್ಲ. ಕೈಗವಸು ಕಳಚಿ, ಸುಟ್ಟ ಪ್ರತಿ ಪೊದೆಯ ಬುಡಕ್ಕೂ ಅಂಗೈಯ ಹಿಂಬದಿ ಹಿಡಿದು ಬಿಸಿ ನೋಡಬೇಕು. ಭಾವ ಮುಂದೆ, ಅವಳು ಹಿಂದೆ. ಅವರು ಒಂದೊಂದು ಬುಡಕ್ಕೂ ಬಗ್ಗಿ, ಕೈ ಹಿಡಿದು, ತಣ್ಣಗಿದೆ ಎಂದು ಮುಂದಕ್ಕೆ ಹೋಗುತ್ತಿದ್ದರು. ಅವರು ದಾಟಿದ ಮೇಲೆ ಅವಳು ಅದೇ ಬುಡಕ್ಕೆ ಮತ್ತೆ ಬಗ್ಗಿ ಕೈ ಹಿಡಿಯುತ್ತಿದ್ದಳು. ಎಲ್ಲವೂ ತಣ್ಣಗೇ ಇದ್ದವು. ಆದರೂ ಹಿಡಿಯುತ್ತಿದ್ದಳು. ಭಾವ ಒಮ್ಮೆ ತಿರುಗಿ ಅದನ್ನು ಕಂಡು, ಮುಂದಿನ ಬುಡಕ್ಕೆ ಬಗ್ಗಿದರು.

ತಿರುವಿನ ಹತ್ತಿರದ ಬುಡದ ಮುಂದೆ ಅವರು ಕೈ ಹಿಡಿದವರು ಮುಂದಕ್ಕೆ ಹೋಗದೆ ನಿಂತರು. ಅವಳು ಬಂದಾಗ ಸ್ವಲ್ಪ ಸರಿದು ಜಾಗ ಬಿಟ್ಟರು. ಅವಳೂ ಕೈ ಹಿಡಿದಳು. ಒಳಗೆ ಇನ್ನೂ ಬಿಸಿಯಿತ್ತು.

"ನೀರು ತರ್ತೀನಿ," ಎಂದರು ಭಾವ, ಮತ್ತು ಖಾಲಿ ಬಿಂದಿಗೆ ಎತ್ತಿಕೊಂಡು ಗುಡ್ಡ ಇಳಿದುಹೋದರು. ಅವಳು ಆ ಬುಡದ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಅವರು ಮರೆಯಾದ ಕಡೆಗೇ ನೋಡುತ್ತಿದ್ದಳು.