ಬಾಯಿ ಬಿಡದೆ ಓದಿದವಳು

ಓದುಬರಹದ ವಿಚಾರ ಮಾತಾಡಬೇಕಾದವರು ಹೆಚ್ಚು ಓದಿದವರು. ಸಂಜೆ ಶಾಲೆಯ ಅರೆಬರೆ ಕಲಿಕೆ ಇಟ್ಟುಕೊಂಡು ಇದನ್ನು ಹೇಳಹೊರಟದ್ದಕ್ಕೆ ಕ್ಷಮೆಯಿರಲಿ. ಹೇಳದಿದ್ದರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ತೊಂಬತ್ತೆರಡನೇ ಇಸವಿ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಬಯ್ಯಪ್ಪ ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ. ವರ್ಷದ ಕೊನೆಗೆ ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು. ಅದು ಸಿಕ್ಕರೆ ಅವರಲ್ಲೊಬ್ಬಳಾದ ಗಂಗುಲಮ್ಮ ಅಂಗನವಾಡಿಯ ಆಯಾ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಸಿಗದಿದ್ದರೆ ಇನ್ನೊಬ್ಬರ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೂಲಿಯೇ ಗತಿ.

ಗಂಗುಲಮ್ಮನ ಮನೆಮಾತು ತೆಲುಗು. ಕನ್ನಡದ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ನೋಡುವಳು, ಗಟ್ಟಿಯಾಗಿ ಉಚ್ಚರಿಸದೆ ಮನಸ್ಸಿನಲ್ಲೇ ಓದುವಳು, ಆಮೇಲೆ ಅದರ ತಿರುಳನ್ನು ತೆಲುಗಿನಲ್ಲಿ ಹೇಳುವಳು. ಒಂದು ಸಲವೂ ತಪ್ಪಿದ್ದಿಲ್ಲ. ಆದರೂ ಬಯ್ಯಪ್ಪನಿಗೆ ಅಳುಕು. ಪರೀಕ್ಷೆಯ ಹಿಂದಿನ ದಿನ ಎರಡೆರಡು ಸಲ ಎಚ್ಚರಿಸಿದ್ದ.

“ಸಾಹೇಬರ ಮುಂದೆ ತೆಲುಗು ಬಾಯಿಗೆ ಬರಬಾರ್ದು ಕಣಮ್ಮ.”

ಪರೀಕ್ಷೆ ನಡೆದದ್ದು ಜಮೀನುದಾರರ ಮನೆಯ ಚಿಕ್ಕವೆಂಕಟಮ್ಮನವರ ಹುಳು ಸಾಕುವ ಮನೆಯ ಜಗಲಿಯಲ್ಲಿ. ಪರೀಕ್ಷಕ ರಾಮಾಂಜಿನಪ್ಪನವರಿಗೆ ಕಾಫಿಯೂ ಅವರದೇ. ಅವರೂ ಬಯ್ಯಪ್ಪನ ಶಿಷ್ಯೆ. ಪುಸ್ತಕ ಹಿಡಿದು ಪಾಠವನ್ನು ಗಡಗಡನೆ ಒಪ್ಪಿಸಿದರು. ನಡುವೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು, ಆದರೂ ಪಾಠದ ಒಂದು ಸಾಲೂ ತಪ್ಪಲಿಲ್ಲ. ಪಾಸು.

ಗಂಗುಲಮ್ಮ ಬೆರಳಿಟ್ಟಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ಅರ್ಥ ಕೇಳಿದರೆ ಬಯ್ಯಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ‘ಓದಲು ಬಾರದು’ ಎಂದು ಫಾರಂ ತುಂಬಿಯಾಯಿತು.

ಬಯ್ಯಪ್ಪನಿಗೆ ಮೈ ಉರಿಯಿತು. ಅರ್ಧ ಉರಿ ತನ್ನ ಮೇಲೇ. ಅವಳ ಬಾಯಿ ಕಟ್ಟಿದವನು ತಾನಲ್ಲವೆ? ಆ ವಾರವಷ್ಟೇ ಬಂದಿದ್ದ ಹುಳುವಿನ ಹೊಸ ಔಷಧಿ ಪುಡಿಯ ಪೊಟ್ಟಣ ಕಿಟಕಿಯಲ್ಲಿತ್ತು. ಜೊತೆಗಿದ್ದ ಕನ್ನಡದ ಚೀಟಿಯನ್ನು ಯಾರೂ ಬಿಡಿಸಿಯೂ ನೋಡಿರಲಿಲ್ಲ. ಆ ಚೀಟಿಯನ್ನು ಗಂಗುಲಮ್ಮನ ಕೈಗಿಟ್ಟು, ಯಾವ ಮಾತಲ್ಲಾದರೂ ಹೇಳು ಎಂದ.

ಅಷ್ಟರಲ್ಲಿ ಚಿಕ್ಕವೆಂಕಟಮ್ಮ ಪೊಟ್ಟಣ ಹಿಡಿದು ಒಳಗೆ ಹೋಗಿ, ಹುಳುವಿನ ಮೇಲೆ ಅದೇ ಪುಡಿ ಉದುರಿಸಿ, ಸೊಪ್ಪಿನ ಪುಟ್ಟಿ ಎತ್ತಿದ್ದರು. ಗಂಗುಲಮ್ಮ ಚೀಟಿಯಿಂದ ಕಣ್ಣು ತೆಗೆದವಳೇ ಎದ್ದು ಹೋಗಿ ಪುಟ್ಟಿ ಹಿಡಿದಳು.

“ಆಗಮ್ಮಾ. ಅರಗಂಟ ಆಕು ಏಯಕೂಡದು. ದೀಂಟ್ಲೋ ಉಂದಿ.”

ತಾಳಮ್ಮಾ, ಅರ್ಧ ಗಂಟೆ ಸೊಪ್ಪು ಹಾಕಬಾರದು, ಇದರಲ್ಲಿದೆ ಎಂದು. ರಾಮಾಂಜಿನಪ್ಪ ಚೀಟಿ ಇಸಕೊಂಡು ನೋಡಿದರು. ಹಾಗೇ ಇತ್ತು.

“ಕೂಲಿಯವಳಿಗೆ ಕಸುಬು ಗೊತ್ತಿರುತ್ತೆ ಬಿಡಪ್ಪ.”

“ಪುಡಿ ಬಂದಿದ್ದೇ ಮೊನ್ನೆ ಸಾರ್. ಅಮ್ಮನೋರಿಗೇ ಗೊತ್ತಿರ್ಲಿಲ್ಲ,” ಎಂದ ಬಯ್ಯಪ್ಪ.

“ಗಟ್ಟಿಯಾಗಿ ಓದ್ಬೇಕು ಅಂತಿದೆ ಫಾರಂನಲ್ಲಿ.”

“ನೀವು ಪೇಪರ್ ಓದಿದ್ರೆ ಬೀದಿಗೆಲ್ಲಾ ಕೇಳ್ಸುತ್ತಾ ಸಾರ್?”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಚಿಕ್ಕವೆಂಕಟಮ್ಮ ಪುಟ್ಟಿ ಕೆಳಗಿಟ್ಟು ಕೂತರು. ರಾಮಾಂಜಿನಪ್ಪ ಫಾರಂ ಮೇಲೆ ಏನೋ ಗೀಚಿ, ಮಡಚಿ ಜೇಬಿಗಿಟ್ಟು ಚಿಂತಾಮಣಿ ಬಸ್ಸು ಹತ್ತಿದರು.

ಆಯಾ ಕೆಲಸದ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಗುರುವಾರ ಬಯ್ಯಪ್ಪ ಕಚೇರಿಗೆ ಹೋದರೆ, ಫಾರಂ ಮೇಲಿನವರಿಗೆ ಹೋಗಿದೆ ಎಂದರು. ಮೇಲಿನವರು ಕೆಳಗೆ ವಿಚಾರಿಸಿ ಎಂದರು. ಗಂಗುಲಮ್ಮ ಅರ್ಜಿಯನ್ನು ತಾನೇ ಬರೆದಳು, ಕನ್ನಡದಲ್ಲಿ, ಒಂದು ಮಧ್ಯಾಹ್ನವೆಲ್ಲ ಕೂತು. ಸರ್ಟಿಫಿಕೇಟು ಇಲ್ಲವೆಂದು ಅದು ವಾಪಸು ಬಂತು. ಕೆಲಸ ಬೇರೆಯವರಿಗಾಯಿತು.

ರಾಮಾಂಜಿನಪ್ಪ ಫಾರಂ ಮೇಲೆ ಗೀಚಿದ್ದೇನು, ಹಿಂದೆ ಬರೆದದ್ದನ್ನು ಹೊಡೆದುಹಾಕಿದರೋ ಗಟ್ಟಿ ಮಾಡಿದರೋ, ಬಯ್ಯಪ್ಪನಿಗೆ ತಿಳಿಯಲಿಲ್ಲ. ಈ ಕತೆ ಹೇಳುವವರಿಗೂ ಗೊತ್ತಿಲ್ಲ.